ಬಟ್ಟಿ ಇಳಿಸಿದ ನೀರು: ಮನೆಯಲ್ಲೇ ಮಾಡಬಹುದು, ಆದರೆ ಯಾವುದಕ್ಕೆ?

ಪರಿಚಯದ ಮನೆಯೊಂದರಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ನಲವತ್ತು ವರ್ಷ ಬೀಡಿ ಸೇದಿದ ಶ್ವಾಸಕೋಶ ಈಗ ಸುಸ್ತಾಗಿದೆ. ದಿನಕ್ಕೆ ಹದಿನೈದು ಗಂಟೆ ಆಮ್ಲಜನಕ ಬೇಕು. ಮಂಚದ ಪಕ್ಕದಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಗುರುಗುಟ್ಟುತ್ತಿರುತ್ತದೆ. ಅದಕ್ಕೆ ಸಿಕ್ಕಿಸಿದ ಪುಟ್ಟ ಬಾಟಲಿಯಲ್ಲಿ ನೀರು ಗುಳುಗುಳು ಎನ್ನುತ್ತಿರುತ್ತದೆ. ಒಣ ಆಮ್ಲಜನಕ ಆ ನೀರಿನ ಮೂಲಕ ಹಾದು, ತುಸು ತೇವವಾಗಿ ಮೂಗು ಸೇರಲಿ ಎಂಬುದು ಉದ್ದೇಶ.

ಕಳೆದ ಸಲ ನೋಡಲು ಹೋದಾಗ ಅವರಿಗೆ ಕೆಮ್ಮು ಹೆಚ್ಚಾಗಿತ್ತು, ಕಫದ ಬಣ್ಣ ಹಳದಿಗೆ ತಿರುಗಿತ್ತು. ಎದೆ ಪರೀಕ್ಷಿಸಿ ಏಳುವಾಗ ಕಣ್ಣು ಆ ಬಾಟಲಿಯ ಮೇಲೆ ಬಿತ್ತು. ತಳದಲ್ಲಿ ಲೋಳೆಯಂಥ ಪದರ ಕೂತಿತ್ತು. "ಯಾವ ನೀರು ಹಾಕ್ತೀರಿ ತಾಯಿ?" ಎಂದು ಸೊಸೆಯನ್ನು ಕೇಳಿದೆ. ಆಕೆ ಒಳಗೆ ಹೋಗಿ ಪ್ಲಾಸ್ಟಿಕ್ ಕ್ಯಾನ್ ಒಂದನ್ನು ತಂದು ತೋರಿಸಿದರು. "ನಲ್ಲಿ ನೀರು ಹಾಕಿಲ್ಲ ಡಾಕ್ಟ್ರೇ. ಡಿಸ್ಟಿಲ್ಡ್ ವಾಟರ್ ಅಂತಲೇ ಬರೆದಿದೆ ನೋಡಿ" ಎಂದರು. ಬರೆದದ್ದೇನೋ ನಿಜ. ಆದರೆ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಬ್ಯಾಟರಿಗಾಗಿ' ಎಂದೂ ಇತ್ತು. ಮನೆಯ ಇನ್ವರ್ಟರಿಗೆಂದು ಪೆಟ್ರೋಲ್ ಬಂಕಿನಿಂದ ತಂದ ನೀರದು.

ಹಿರಿಯರ ಕಫಕ್ಕೆ ಆ ನೀರೇ ಕಾರಣ ಎಂದು ನಾನು ಹೇಳಲಾರೆ. ಅವರ ಕಾಯಿಲೆಯಲ್ಲಿ ಕಫ ಕೆಡಲು ಬೇರೆ ನೂರು ಕಾರಣಗಳುಂಟು. ಆದರೆ ದುರ್ಬಲವಾದ ಶ್ವಾಸಕೋಶದ ಬಾಗಿಲಲ್ಲಿ ಲೋಳೆ ಹಿಡಿದ ಬಾಟಲಿಯನ್ನು ಇಡುವುದು ಸರಿಯಲ್ಲ ಎಂಬುದರಲ್ಲಿ ಎರಡು ಮಾತಿಲ್ಲ. ಸೊಸೆಯ ತಪ್ಪೂ ಅಲ್ಲ. ಯಾರೂ ಆಕೆಗೆ ವಿವರಿಸಿ ಹೇಳಿರಲಿಲ್ಲ. "ಹಾಗಾದರೆ ಈ ನೀರನ್ನು ಮನೆಯಲ್ಲೇ ಮಾಡಿಕೊಳ್ಳಲು ಆಗುತ್ತದೆಯೇ?" ಎಂದು ಆಕೆ ಕೇಳಿದರು. ಈ ವಾರದ ಅಂಕಣ ಆ ಪ್ರಶ್ನೆಗೆ ಉತ್ತರ.

ಸಾರಿನ ಪಾತ್ರೆಯ ಮುಚ್ಚಳ ಹೇಳುವ ಪಾಠ

ಬಟ್ಟಿ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಸಾರಾಯಿ! ಕರ್ನಾಟಕದಲ್ಲಿ 2007ರಲ್ಲೇ ಸಾರಾಯಿ ಮಾರಾಟ ನಿಂತುಹೋದರೂ ಆ ಪದಕ್ಕೆ ಅಂಟಿದ ವಾಸನೆ ಹೋಗಿಲ್ಲ. ಅಸಲಿಗೆ ಬಟ್ಟಿ ಇಳಿಸುವುದೆಂದರೆ ಇಷ್ಟೇ: ದ್ರವವನ್ನು ಕಾಯಿಸಿ ಆವಿ ಮಾಡುವುದು, ಆ ಆವಿಯನ್ನು ತಣಿಸಿ ಮತ್ತೆ ದ್ರವವಾಗಿಸಿ ಬೇರೆ ಪಾತ್ರೆಯಲ್ಲಿ ಹಿಡಿಯುವುದು. ಪನ್ನೀರು ತಯಾರಾಗುವುದೂ ಹೀಗೆಯೇ, ಆಯುರ್ವೇದ ಮತ್ತು ಯುನಾನಿಯ ಅರ್ಕಗಳು ತಯಾರಾಗುವುದೂ ಹೀಗೆಯೇ.

ನಿಮ್ಮ ಅಡುಗೆಮನೆಯಲ್ಲಿ ಇದು ದಿನವೂ ನಡೆಯುತ್ತಿದೆ. ಸಾರು ಕುದಿಯುವಾಗ ಮುಚ್ಚಳ ತೆಗೆದು ನೋಡಿ. ಅದರ ಒಳಮೈಯಲ್ಲಿ ನೀರಿನ ಹನಿಗಳು ಸಾಲುಗಟ್ಟಿರುತ್ತವೆ. ಸಾರು ಉಕ್ಕಿ ಸಿಡಿದಿರದಿದ್ದರೆ ಆ ಹನಿಗೆ ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ. ಉಪ್ಪು, ಹುಣಿಸೆ, ಮೆಣಸಿನ ಪುಡಿ ಎಲ್ಲವೂ ಕೆಳಗೆ ಪಾತ್ರೆಯಲ್ಲೇ ಉಳಿದವು. ನೀರು ಮಾತ್ರ ಆವಿಯಾಗಿ ಮೇಲೆ ಹೋಯಿತು. ಆದರೆ ಮೂಗಿನ ಹತ್ತಿರ ಹಿಡಿದರೆ ಸಾರಿನ ಘಮ ಸಣ್ಣಗೆ ಬರುತ್ತದೆ, ಅಲ್ಲವೇ? ಹಾರಿಹೋಗುವ ಗುಣವಿರುವ ಪದಾರ್ಥಗಳು ಆವಿಯ ಜೊತೆಗೇ ಹೊರಟುಬಂದಿವೆ ಎಂಬುದಕ್ಕೆ ಅದು ಸಾಕ್ಷಿ. ಈ ಎರಡು ಸಂಗತಿ ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ನಮ್ಮ ನಲ್ಲಿಯ ಅಥವಾ ಕೊಳವೆಬಾವಿಯ ನೀರಿಗೆ ಬನ್ನಿ. ಅದರಲ್ಲಿ ಮುಖ್ಯವಾಗಿ ಮೂರು ಬಗೆಯ ಪದಾರ್ಥಗಳಿರಬಹುದು. ಒಂದು, ಕರಗಿದ ಲವಣಗಳು. ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ ಇವುಗಳ ಲವಣಗಳು, ಕೆಲವು ಕಡೆ ಫ್ಲೋರೈಡ್, ನೈಟ್ರೇಟ್ ಇತ್ಯಾದಿ. ಸ್ನಾನದ ಹಂಡೆಯ ಒಳಗೆ, ಗೀಸರಿನ ಸುರುಳಿಯ ಮೇಲೆ ಬಿಳಿಯ ಗಟ್ಟಿ ಪದರ ಕಟ್ಟುವುದು ಇವುಗಳಿಂದಲೇ. ಎರಡು, ಕಣ್ಣಿಗೆ ಕಾಣದ ಕ್ರಿಮಿಗಳು. ಮೂರು, ಕ್ಲೋರಿನ್‌ನಂತಹ, ಹಾರಿಹೋಗುವ ಪದಾರ್ಥಗಳು.

ನೀರನ್ನು ಕುದಿಸಿದರೆ ರೋಗಕಾರಕ ಕ್ರಿಮಿಗಳು ಸಾಯುತ್ತವೆ, ಆದರೆ ಫ್ಲೋರೈಡ್, ನೈಟ್ರೇಟ್‌ಗಳು ಎಲ್ಲೂ ಹೋಗುವುದಿಲ್ಲ. ಕುದಿದು ನೀರು ಕಡಿಮೆಯಾದಷ್ಟೂ ಅವುಗಳ ಪ್ರಮಾಣ ಹೆಚ್ಚುತ್ತದೆ. ಬಟ್ಟಿ ಇಳಿಸಿದರೆ ಲವಣಗಳೂ ಕ್ರಿಮಿಗಳೂ ಎರಡೂ ಹಿಂದೆ ಉಳಿಯುತ್ತವೆ. ಮೂರನೆಯ ಗುಂಪು ಮಾತ್ರ ಆವಿಯ ಜೊತೆ ಬರಬಹುದು. ಅದಕ್ಕೆ ಪರಿಹಾರವನ್ನು ಕೆಳಗೆ ಹೇಳಿದ್ದೇನೆ.

ಯಾರಿಗೆ ಬೇಕು ಈ ನೀರು?

ಆರೋಗ್ಯವಂತರ ಮನೆಯಲ್ಲಿ ಬಟ್ಟಿ ಇಳಿಸಿದ ನೀರಿನ ಅಗತ್ಯ ಬಹಳ ಕಡಿಮೆ. ಅದು ಬೇಕಾಗುವುದು ಹೆಚ್ಚಾಗಿ ಯಂತ್ರಗಳಿಗೆ. ಆಮ್ಲಜನಕದ ಯಂತ್ರದ ತೇವದ ಬಾಟಲಿ, ಗೊರಕೆ ಹೊಡೆಯುತ್ತಾ ನಿದ್ದೆಯಲ್ಲಿ ಉಸಿರು ನಿಲ್ಲುವವರು ಬಳಸುವ ಸಿ-ಪ್ಯಾಪ್ ಯಂತ್ರದ ನೀರಿನ ತೊಟ್ಟಿ, ಕೋಣೆಯ ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಇವುಗಳಿಗೆಲ್ಲ ಸಾಮಾನ್ಯವಾಗಿ ಡಿಸ್ಟಿಲ್ಡ್ ವಾಟರ್ ಹಾಕಿ ಎಂದು ತಯಾರಕರ ಪುಸ್ತಿಕೆಯಲ್ಲಿ ಬರೆದಿರುತ್ತದೆ. ಗಡಸು ನೀರು ಹಾಕಿದರೆ ಬಿಳಿಯ ಪದರ ಕಟ್ಟಿ ಯಂತ್ರ ಬೇಗ ಕೆಡುತ್ತದೆ. ಆ ಒರಟು ಪದರದ ಸಂದಿಗಳಲ್ಲಿ ಕ್ರಿಮಿಗಳಿಗೂ ಸುಲಭವಾಗಿ ಆಸರೆ ಸಿಗುತ್ತದೆ. ಇವಲ್ಲದೆ ಇನ್ವರ್ಟರ್ ಬ್ಯಾಟರಿ, ಹಬೆಯ ಇಸ್ತ್ರಿಪೆಟ್ಟಿಗೆಗಳಿಗೂ ಇಂಥ ನೀರೇ ಬೇಕು.

2021ರ ಮೇ ತಿಂಗಳು ನಿಮಗೆ ನೆನಪಿರಬಹುದು. ಕೊರೋನಾದ ಎರಡನೆಯ ಅಲೆಯಲ್ಲಿ ಮನೆಮನೆಗೆ ಆಮ್ಲಜನಕದ ಯಂತ್ರಗಳು ಬಂದವು. ಅದರ ಬೆನ್ನಿಗೇ ಕಪ್ಪು ಶಿಲೀಂಧ್ರದ ಭಯ ಬಂತು. ಆಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನೀಡಿದ ಸೂಚನೆಗಳಲ್ಲಿ, ಆಮ್ಲಜನಕ ನೀಡುವಾಗ ತೇವದ ಬಾಟಲಿಗೆ ಶುಚಿಯಾದ, ಕ್ರಿಮಿರಹಿತ ನೀರನ್ನೇ ಬಳಸಬೇಕೆಂಬುದೂ ಒಂದಾಗಿತ್ತು. ಆ ಕಾಯಿಲೆಗೆ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಸ್ಟಿರಾಯ್ಡ್‌ಗಳ ಅತಿಬಳಕೆಯೇ ಮುಖ್ಯ ಕಾರಣಗಳೆಂದು ವೈದ್ಯರು ಗುರುತಿಸಿದರು. ಅಂದಿನ ಯಂತ್ರಗಳು ಇಂದಿಗೂ ಅನೇಕ ಮನೆಗಳಲ್ಲಿವೆ. ಸೂಚನೆ ಮಾತ್ರ ಮರೆತುಹೋಗಿದೆ.

ಮಾಡುವ ವಿಧಾನ

ಬೇಕಾಗುವ ಸಾಮಾನು ಇಷ್ಟು: ಅಗಲವಾದ, ಆಳವಾದ ಸ್ಟೀಲ್ ಪಾತ್ರೆ ಒಂದು. ಅದಕ್ಕೆ ಸರಿಯಾಗಿ ಕೂಡುವ, ನಡುವೆ ಉಬ್ಬಿರುವ ಮುಚ್ಚಳ ಒಂದು. ಪಾತ್ರೆಯೊಳಗೆ ಇಡಲು ಸ್ಟೀಲ್ ಬಟ್ಟಲು ಮತ್ತು ಅದನ್ನು ಎತ್ತರಿಸಿ ಇಡಲು ಕುಕ್ಕರಿನೊಳಗೆ ಇಡುವಂಥ ಸ್ಟೀಲ್ ಸ್ಟ್ಯಾಂಡ್. ಜೊತೆಗೆ ಒಂದಿಷ್ಟು ಮಂಜುಗಡ್ಡೆ, ಬಿಗಿಯಾದ ಮುಚ್ಚಳವಿರುವ ಗಾಜಿನ ಬಾಟಲಿ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆ ಬೇಡ. ಪ್ಲಾಸ್ಟಿಕ್ಕಂತೂ ಬೇಡವೇ ಬೇಡ.

ಮೊದಲು ಬಟ್ಟಲು, ಸ್ಟ್ಯಾಂಡ್, ಮುಚ್ಚಳಗಳನ್ನು ಸೋಪಿನಿಂದ ತೊಳೆದು, ಸೋಪಿನ ಅಂಶ ಪೂರ್ತಿ ಹೋಗುವವರೆಗೆ ಜಾಲಿಸಿ. ಬಟ್ಟಲು ಮತ್ತು ಗಾಜಿನ ಬಾಟಲಿಯನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿ. ಬಾಟಲಿಯನ್ನು ತಣ್ಣೀರಿನಲ್ಲಿಟ್ಟು ನಿಧಾನವಾಗಿ ಕಾಯಿಸಿ, ಇಲ್ಲವಾದರೆ ಗಾಜು ಸೀಳುತ್ತದೆ.

ಪಾತ್ರೆಗೆ ಅರ್ಧಕ್ಕಿಂತ ಕಡಿಮೆ ನೀರು ಹಾಕಿ. ಮುಚ್ಚಳವಿಲ್ಲದೆ ಐದರಿಂದ ಹತ್ತು ನಿಮಿಷ ಕುದಿಸಿ. ಕ್ಲೋರಿನ್ ಮುಂತಾದ ಹಾರುವ ಪದಾರ್ಥಗಳಲ್ಲಿ ಬಹುಪಾಲು ಈ ಹೊತ್ತಿನಲ್ಲೇ ಹೊರಟುಹೋಗುತ್ತವೆ. ಸಾರಿನ ಘಮದ ಮಾತು ನೆನಪಿದೆಯಲ್ಲ? ಅದಕ್ಕೆ ಪರಿಹಾರ ಇದೇ.

ಈಗ ಉರಿ ಆರಿಸಿ, ಕುದಿ ನಿಂತ ಮೇಲೆ ಇಕ್ಕಳದಿಂದ ಸ್ಟ್ಯಾಂಡನ್ನೂ ಅದರ ಮೇಲೆ ಖಾಲಿ ಬಟ್ಟಲನ್ನೂ ಇಡಿ. ಬಟ್ಟಲಿನ ಅಂಚು ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲಿರಬೇಕು. ಕುದಿಯುವ ನೀರು ಅದರೊಳಗೆ ಸಿಡಿಯಬಾರದು. ಮುಚ್ಚಳವನ್ನು ತಲೆಕೆಳಗಾಗಿ, ಅಂದರೆ ಅದರ ಹಿಡಿ ಬಟ್ಟಲಿನ ಕಡೆಗೆ ಇರುವಂತೆ ಮುಚ್ಚಿ. ಮೇಲಿನ ತಗ್ಗಿನಲ್ಲಿ ಮಂಜುಗಡ್ಡೆ ಹಾಕಿ. ಹಿಡಿ ಮರದ್ದೋ ಪ್ಲಾಸ್ಟಿಕ್ಕಿನದೋ ಆಗಿದ್ದರೆ ಆ ಮುಚ್ಚಳ ಬೇಡ. ಬದಲಿಗೆ ತಳ ಗುಂಡಗಿರುವ ಸ್ಟೀಲ್ ಬೋಗುಣಿಯನ್ನು ಪಾತ್ರೆಯ ಬಾಯಿಗೆ ಕೂರಿಸಿ ಅದರೊಳಗೆ ಮಂಜುಗಡ್ಡೆ ಹಾಕಬಹುದು.

ಸಣ್ಣ ಉರಿಯಲ್ಲಿ ನೀರು ಮೆಲ್ಲಗೆ ಕುದಿಯುತ್ತಿರಲಿ. ಆವಿ ಮೇಲೇರಿ ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿಯಾಗುತ್ತದೆ. ಹನಿಗಳು ಇಳಿಜಾರಿನಲ್ಲಿ ನಡುವಿಗೆ ಜಾರಿ ಬಟ್ಟಲಿಗೆ ತೊಟ್ಟಿಕ್ಕುತ್ತವೆ. ಮಂಜುಗಡ್ಡೆ ಕರಗಿದ ನೀರನ್ನು ಆಗಾಗ ಸೌಟಿನಿಂದ ತೆಗೆದು ಹೊಸ ಗಡ್ಡೆ ಹಾಕುತ್ತಿರಿ. ಆ ನೀರು ಚೆಲ್ಲಿ ಒಳಗಿನ ಬಟ್ಟಲಿಗೆ ಬೀಳದಂತೆ ಎಚ್ಚರವಿರಲಿ. ಅರ್ಧ ಲೀಟರ್ ಸಂಗ್ರಹವಾಗಲು ಒಂದು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹಿಡಿಯಬಹುದು. ಅವಸರಪಟ್ಟು ಉರಿ ಜೋರು ಮಾಡಿದರೆ ಆವಿ ಪಕ್ಕದಿಂದ ಸೋರಿಹೋಗುತ್ತದೆ, ಇಲ್ಲವೇ ನೀರು ಸಿಡಿದು ಶ್ರಮವೆಲ್ಲ ವ್ಯರ್ಥವಾಗುತ್ತದೆ.

ಪಾತ್ರೆಯನ್ನು ಪೂರ್ತಿ ಬತ್ತಿಸಬೇಡಿ. ಕಾಲು ಭಾಗ ನೀರು ಉಳಿದಿರುವಾಗಲೇ ಒಲೆ ಆರಿಸಿ. ತಣಿದ ಮೇಲೆಯೇ ಮುಚ್ಚಳ ತೆಗೆಯಿರಿ, ಏಕೆಂದರೆ ಆವಿಯ ಸುಟ್ಟಗಾಯ ಕುದಿನೀರಿನದಕ್ಕಿಂತ ಕೆಟ್ಟದು. ತಳದಲ್ಲಿ ಉಳಿದ ನೀರಿನಲ್ಲಿ ಲವಣಗಳು ಮೊದಲಿಗಿಂತ ಗಾಢವಾಗಿರುತ್ತವೆ. ಅದನ್ನು ಅಡುಗೆಗೋ ಕುಡಿಯಲೋ ಬಳಸದೆ ಚೆಲ್ಲಿಬಿಡಿ. ಬಟ್ಟಲಿನ ನೀರನ್ನು ಬಾಟಲಿಗೆ ಸುರಿದು, ಮುಚ್ಚಿ, ದಿನಾಂಕ ಬರೆದ ಚೀಟಿ ಅಂಟಿಸಿ.

ಪ್ರೆಷರ್ ಕುಕ್ಕರಿನ ವೆಯ್ಟ್ ತೆಗೆದು ಅಲ್ಲಿಗೆ ರಬ್ಬರ್ ಕೊಳವೆ ಸಿಕ್ಕಿಸಿ ನೀರು ಇಳಿಸುವವರಿದ್ದಾರೆ. ದಯವಿಟ್ಟು ಆ ಸಾಹಸ ಮಾಡಬೇಡಿ. ಕೊಳವೆ ಮಡಚಿಕೊಂಡರೆ ಅಥವಾ ಕಟ್ಟಿಕೊಂಡರೆ ಕುಕ್ಕರಿನಲ್ಲಿ ಒತ್ತಡ ಏರುತ್ತದೆ. ಬಿಸಿ ಆವಿಗೆ ರಬ್ಬರು, ಪ್ಲಾಸ್ಟಿಕ್ಕುಗಳ ಅಂಶವೂ ನೀರಿಗೆ ಇಳಿಯುತ್ತದೆ.

ನೀರು ಸರಿಯಾಗಿ ಬಂದಿದೆಯೇ ಎಂದು ನೋಡಲು ಸುಲಭ ಉಪಾಯವೊಂದಿದೆ. ಶುಭ್ರವಾದ ಗಾಜಿನ ಮೇಲೆ ಈ ನೀರಿನ ಒಂದು ಹನಿ, ಪಕ್ಕದಲ್ಲಿ ನಲ್ಲಿ ನೀರಿನ ಒಂದು ಹನಿ ಇಟ್ಟು ಒಣಗಲು ಬಿಡಿ. ನಲ್ಲಿ ನೀರಿನ ಹನಿ ಬಿಳಿಯ ಕಲೆ ಉಳಿಸುತ್ತದೆ. ಬಟ್ಟಿ ಇಳಿಸಿದ ನೀರು ಏನನ್ನೂ ಉಳಿಸಬಾರದು. ಪೇಟೆಯಲ್ಲಿ ಸಿಗುವ ಟಿ.ಡಿ.ಎಸ್. ಮೀಟರಿನಲ್ಲಿ ನೋಡಿದರೂ ಅಂಕಿ ಸೊನ್ನೆಯ ಹತ್ತಿರವಿರಬೇಕು. ಆದರೆ ಗಾಜಿನ ಪರೀಕ್ಷೆಯಾಗಲಿ, ಮೀಟರಾಗಲಿ ಹೇಳುವುದು ಲವಣದ ವಿಷಯವನ್ನು ಮಾತ್ರ. ಕ್ರಿಮಿಗಳ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ.

ಶುದ್ಧವೆಂದರೆ ಕ್ರಿಮಿರಹಿತವೆಂದಲ್ಲ

ಈ ಲೇಖನದಲ್ಲಿ ನೀವು ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಅದು ಇದಾಗಿರಲಿ. ಆವಿಯಿಂದ ಹನಿಯಾದ ಕ್ಷಣದಲ್ಲಿ ಆ ನೀರಿನಲ್ಲಿ ಕ್ರಿಮಿಗಳಿರುವುದಿಲ್ಲ. ಆದರೆ ಬಟ್ಟಲು, ಬೆರಳು, ಬಾಟಲಿ, ಅಡುಗೆಮನೆಯ ಗಾಳಿ ಇವು ಯಾವುದರಿಂದಲಾದರೂ ಕ್ರಿಮಿಗಳು ಮತ್ತೆ ಸೇರಬಹುದು. ಲವಣಗಳಿಲ್ಲದ ನೀರಿನಲ್ಲಿ ಕ್ರಿಮಿಗಳು ಬದುಕಲಾರವು ಎಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು. ಅತ್ಯಲ್ಪ ಆಹಾರದಲ್ಲೇ ನೀರಿನಲ್ಲಿ ಬೆಳೆಯಬಲ್ಲ ಬ್ಯಾಕ್ಟೀರಿಯಗಳಿವೆ. ಕ್ಲೋರಿನ್ ಕೂಡ ಇಲ್ಲದ್ದರಿಂದ ಅವುಗಳನ್ನು ತಡೆಯುವವರೂ ಇಲ್ಲ.

ಇದಕ್ಕೊಂದು ಹಳೆಯ ನಿದರ್ಶನವಿದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಧರಿಸುವ ಕೆಲವರು, ಬಟ್ಟಿ ಇಳಿಸಿದ ನೀರಿಗೆ ಉಪ್ಪಿನ ಮಾತ್ರೆ ಹಾಕಿ ಮನೆಯಲ್ಲೇ ಲೆನ್ಸ್ ತೊಳೆಯುವ ದ್ರಾವಣ ಮಾಡಿಕೊಳ್ಳುತ್ತಿದ್ದರು. ಅಂಥವರಲ್ಲಿ ಅಕಾಂತಮೀಬ ಎಂಬ ಏಕಕೋಶ ಜೀವಿಯಿಂದ ಕಣ್ಣಿನ ಕರಿಗುಡ್ಡೆಗೆ ತೀವ್ರ ಸೋಂಕು ತಗಲಿದ ಪ್ರಕರಣಗಳು ಕಂಡುಬಂದವು. ದೃಷ್ಟಿಯನ್ನೇ ಕಸಿಯಬಲ್ಲ ಸೋಂಕು ಅದು. ನೀರಿನಲ್ಲಿ ಲವಣವಿರಲಿಲ್ಲ, ನಿಜ. ಆದರೆ ಅದು ಕ್ರಿಮಿರಹಿತವಾಗಿರಲಿಲ್ಲ.

ಯೋಗಾಭ್ಯಾಸದಲ್ಲಿ ಜಲನೇತಿ ಮಾಡುವವರು ಇದನ್ನು ಗಮನವಿಟ್ಟು ಓದಬೇಕು. 2011ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ನಲ್ಲಿ ನೀರಿನಿಂದ ನೇತಿ ಮಾಡುತ್ತಿದ್ದ ಇಬ್ಬರು ನೆಗ್ಲೇರಿಯಾ ಎಂಬ ಅಮೀಬ ಮಿದುಳಿಗೆ ಸೇರಿ ಸತ್ತರು. ನಮ್ಮ ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬದಿಂದಾದ ಮಿದುಳಿನ ಸೋಂಕು ಹಲವು ಮನೆಗಳಲ್ಲಿ ದುಃಖ ತಂದಿತು. ನೆಗ್ಲೇರಿಯಾ ಇರುವ ನೀರನ್ನು ಕುಡಿದರೆ ಈ ರೋಗ ಬರುವುದಿಲ್ಲ. ಮೂಗಿನೊಳಗೆ ಹೋದ ನೀರಿನಿಂದ ಬರುತ್ತದೆ. ಬಹಳ ಅಪರೂಪದ ರೋಗ, ಆದರೆ ಬಂದರೆ ಉಳಿಯುವವರು ಕಡಿಮೆ. ಆದ್ದರಿಂದ ನೇತಿಗೆ ಕುದಿಸಿ ಉಗುರುಬೆಚ್ಚಗೆ ಆರಿಸಿದ ನೀರನ್ನೇ ಬಳಸಿ. ಮೂರರಿಂದ ಐದು ನಿಮಿಷ ಚೆನ್ನಾಗಿ ಕುದಿಯಲಿ. ಅರ್ಧ ಲೀಟರಿಗೆ ಮುಕ್ಕಾಲು ಟೀ ಚಮಚದಷ್ಟು ಉಪ್ಪನ್ನು ಕುದಿಸುವ ಮುಂಚೆಯೇ ಬೆರೆಸಿ. ಉಪ್ಪಿಲ್ಲದ ನೀರು, ಎಷ್ಟೇ ಶುದ್ಧವಾಗಿದ್ದರೂ, ಮೂಗನ್ನು ಉರಿಸುತ್ತದೆ. ನೇತಿಯ ಲೋಟವನ್ನೂ ತೊಳೆದು ಒಣಗಿಸಿ ಇಡಬೇಕು.

ಆಮ್ಲಜನಕದ ಬಾಟಲಿಗೂ ಇದೇ ನಿಯಮ. ಮನೆಯಲ್ಲಿ ಇಳಿಸಿದ ನೀರನ್ನು ಅಂದಂದಿಗೆ ಬೇಕಾದಷ್ಟು ತೆಗೆದು, ಶುಚಿಯಾದ ಸ್ಟೀಲ್ ಪಾತ್ರೆಯಲ್ಲಿ ಮತ್ತೊಮ್ಮೆ ಐದು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ ಹಾಕಿ. ಬಾಟಲಿಯ ಮೇಲಿರುವ ಎರಡು ಗೆರೆಗಳ ನಡುವೆ ನೀರಿರಲಿ. ಕಡಿಮೆಯಾಯಿತೆಂದು ಹಳೆಯ ನೀರಿನ ಮೇಲೆ ಹೊಸ ನೀರು ಸುರಿಯಬೇಡಿ. ದಿನವೂ ಪೂರ್ತಿ ಚೆಲ್ಲಿ, ಬಾಟಲಿಯನ್ನು ಸೋಪು ನೀರಿನಿಂದ ತೊಳೆದು, ಜಾಲಿಸಿ, ಒಣಗಿಸಿ, ಮತ್ತೆ ತುಂಬಿಸಿ. ಸಿ-ಪ್ಯಾಪ್ ಯಂತ್ರದ ತೊಟ್ಟಿಯನ್ನೂ ಬೆಳಿಗ್ಗೆ ಎದ್ದೊಡನೆ ಖಾಲಿ ಮಾಡಿ. ಇನ್ನೊಂದು ಮಾತು: ಮೂಗಿನ ಕೊಳವೆಯಲ್ಲಿ ಕಡಿಮೆ ಪ್ರಮಾಣದ ಆಮ್ಲಜನಕ ಪಡೆಯುವ ಅನೇಕರಿಗೆ ಈ ತೇವದ ಬಾಟಲಿಯೇ ಬೇಕಾಗುವುದಿಲ್ಲ. ನಿಮ್ಮ ಮನೆಯವರಿಗೆ ಬೇಕೋ ಬೇಡವೋ ಎಂದು ವೈದ್ಯರನ್ನು ಕೇಳಿ. ಬೇಡವೆಂದರೆ ಈ ತಲೆನೋವೇ ಇಲ್ಲ!

ಇವುಗಳಿಗೆ ಖಂಡಿತ ಬೇಡ

ಚುಚ್ಚುಮದ್ದಿನ ಪುಡಿ ಕಲಸಲು ಮನೆಯ ನೀರನ್ನು ಯಾವ ಕಾರಣಕ್ಕೂ ಬಳಸಕೂಡದು. ಅದಕ್ಕೆಂದೇ ಮುಚ್ಚಿದ ಪುಟ್ಟ ಸೀಸೆಗಳಲ್ಲಿ ಕ್ರಿಮಿರಹಿತ ನೀರು ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಕ್ರಿಮಿಗಳ ಮಾತು ಒತ್ತಟ್ಟಿಗಿರಲಿ, ಬರಿಯ ನೀರು ಹೆಚ್ಚಾಗಿ ರಕ್ತನಾಳಕ್ಕೆ ಹೋದರೆ ಕೆಂಪು ರಕ್ತಕಣಗಳು ನೀರು ಹೀರಿ ಉಬ್ಬಿ ಒಡೆಯುತ್ತವೆ.

ಉಬ್ಬಸದ ಮಕ್ಕಳಿಗೆ ಬಳಸುವ ನೆಬ್ಯುಲೈಜರಿಗೂ ಬಟ್ಟಿ ಇಳಿಸಿದ ನೀರು ಬೇಡ. ಶುದ್ಧವಾದದ್ದಲ್ಲವೇ, ಒಳ್ಳೆಯದೇ ಆಗುತ್ತದೆ ಎಂದು ಹಾಕುವವರಿದ್ದಾರೆ. ಆದರೆ ಲವಣವಿಲ್ಲದ ನೀರಿನ ತುಂತುರು ಉಬ್ಬಸ ಇರುವವರ ಶ್ವಾಸನಾಳಗಳನ್ನು ಇನ್ನಷ್ಟು ಬಿಗಿಗೊಳಿಸಬಲ್ಲದು. ಅಲ್ಲಿ ವೈದ್ಯರು ಹೇಳಿದ ಔಷಧ ಮತ್ತು ಕ್ರಿಮಿರಹಿತ ಸಲೈನ್ ಮಾತ್ರ.

ಕಾಂಟ್ಯಾಕ್ಟ್ ಲೆನ್ಸ್ ತೊಳೆಯಲು, ಅದನ್ನು ನೆನೆಸಿಡಲು ಬೇಡ. ಕಾರಣ ಮೇಲೆಯೇ ಹೇಳಿದೆ.

ಮಕ್ಕಳ ಆ್ಯಂಟಿಬಯಾಟಿಕ್ ಪುಡಿಯನ್ನು ಬಾಟಲಿಯಲ್ಲೇ ಕಲಸುವಾಗ ಬಟ್ಟಿ ಇಳಿಸಿದ ನೀರನ್ನು ಹುಡುಕಿ ಅಲೆಯಬೇಕಿಲ್ಲ. ಎಷ್ಟೋ ಔಷಧಗಳ ಡಬ್ಬಿಯಲ್ಲಿ ನೀರಿನ ಸಣ್ಣ ಸೀಸೆಯನ್ನೂ ಇಟ್ಟಿರುತ್ತಾರೆ. ಇಲ್ಲದಿದ್ದರೆ ಕುದಿಸಿ ಪೂರ್ತಿ ಆರಿಸಿದ ನೀರನ್ನು ಗುರುತಿನವರೆಗೆ ಹಾಕಿದರೆ ಸಾಕು. ಬಿಸಿ ನೀರು ಹಾಕಿ ಔಷಧ ಕೆಡಿಸಬೇಡಿ.

ವಾಂತಿಭೇದಿಯಾದ ಮಗುವಿಗೆ ಬರಿಯ ಬಟ್ಟಿ ನೀರನ್ನು ಕುಡಿಸುವುದು ಅಪಾಯ. ದೇಹ ಆಗಲೇ ಲವಣ ಕಳೆದುಕೊಂಡಿರುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ, ಪೊಟ್ಟಣದ ಮೇಲೆ ಹೇಳಿದಷ್ಟೇ ಅಳತೆಗೆ, ಓ.ಆರ್.ಎಸ್. ಕಲಸಿ ಕೊಡಿ.

ಬ್ಯಾಟರಿ ಕ್ಯಾನು ಅಡುಗೆಮನೆಯಲ್ಲಿ ಬೇಡ

ಬ್ಯಾಟರಿ ನೀರನ್ನು ತಯಾರಿಸುವವರ ಗಮನವೆಲ್ಲ ಲವಣಗಳನ್ನು ತೆಗೆಯುವುದರ ಮೇಲಿರುತ್ತದೆ. ಎಷ್ಟೋ ಸಲ ಅದನ್ನು ಕುದಿಸಿಯೇ ಇರುವುದಿಲ್ಲ, ರಾಳದ ಹರಳುಗಳ ಮೂಲಕ ಹಾಯಿಸಿ ಲವಣ ತೆಗೆದಿರುತ್ತಾರೆ. ಬ್ಯಾಟರಿಗೆ ಅಷ್ಟು ಸಾಕು. ಕ್ರಿಮಿಗಳಿದ್ದರೆ ಬ್ಯಾಟರಿಗೆ ನ್ಯುಮೋನಿಯ ಬರುವುದಿಲ್ಲವಲ್ಲ! ಅದನ್ನು ರೋಗಿಯ ಉಸಿರಿನ ದಾರಿಯಲ್ಲಿ ಇಡುವುದು ತಪ್ಪು.

ಇನ್ನೂ ದೊಡ್ಡ ಅಪಾಯವೊಂದಿದೆ. ಬ್ಯಾಟರಿಯ ಆ್ಯಸಿಡ್ ಎಂದರೆ ನೀರು ಬೆರೆಸಿದ ಗಂಧಕಾಮ್ಲ. ನೋಡಲು ಅದೂ ನೀರಿನ ಹಾಗೆಯೇ. ಅದೇ ಬಗೆಯ ಕ್ಯಾನುಗಳಲ್ಲಿ ಅದನ್ನೂ ತುಂಬಿಡುತ್ತಾರೆ. ಮಕ್ಕಳಿರುವ ಮನೆಯಲ್ಲಿ ಇಂಥ ಕ್ಯಾನುಗಳು ಕುಡಿಯುವ ನೀರಿನ ಬಳಿ ಸುಳಿಯಲೇಬಾರದು. ಬಾಯಾರಿದ ಕೈಗೆ ಚೀಟಿ ಓದುವ ವ್ಯವಧಾನವಿರುವುದಿಲ್ಲ.

ಹವಾನಿಯಂತ್ರಣ ಯಂತ್ರದಿಂದ ತೊಟ್ಟಿಕ್ಕುವ ನೀರೂ ಬಟ್ಟಿ ಇಳಿಸಿದ್ದೇ ಅಲ್ಲವೇ ಎಂದು ಕೆಲವರು ಕೇಳುತ್ತಾರೆ. ಗಾಳಿಯ ಆವಿ ತಣಿದು ಆದ ನೀರೇ ಅದು, ಸರಿ. ಆದರೆ ಧೂಳು, ಬೂಷ್ಟು ತುಂಬಿದ ಸುರುಳಿಗಳ ಮೇಲಿಂದ ಇಳಿದು ಬಂದಿರುತ್ತದೆ. ನೆಲ ಒರೆಸಲು ಬಳಸಿ. ಕುಡಿಯಲು, ರೋಗಿಯ ಯಂತ್ರಕ್ಕೆ ಬೇಡ. ಇಪ್ಪತ್ತು ಲೀಟರಿನ ಕ್ಯಾನಿನ 'ಮಿನರಲ್ ವಾಟರ್' ಆಗಲಿ, ಆರ್.ಓ. ಯಂತ್ರದ ನೀರಾಗಲಿ ಬಟ್ಟಿ ಇಳಿಸಿದ ನೀರಲ್ಲ. ಅವುಗಳಲ್ಲಿ ಒಂದಿಷ್ಟು ಲವಣ ಇದ್ದೇ ಇರುತ್ತದೆ.

ಕುಡಿಯಬಹುದೇ?

ಒಂದು ಲೋಟ ಕುಡಿದರೆ ಏನೂ ಆಗುವುದಿಲ್ಲ. ಅದು ಮೂಳೆಯಿಂದ ಕ್ಯಾಲ್ಸಿಯಂ ಕಿತ್ತುಕೊಂಡು ಹೋಗುತ್ತದೆ ಎಂಬ ಗಾಬರಿ ಬೇಡ. ಸಕಲ ರೋಗಗಳನ್ನೂ ತೊಳೆದುಬಿಡುತ್ತದೆ ಎಂಬ ಪ್ರಚಾರವನ್ನೂ ನಂಬಬೇಡಿ. ನಮಗೆ ಬೇಕಾದ ಖನಿಜಗಳಲ್ಲಿ ಹೆಚ್ಚಿನ ಪಾಲು ರಾಗಿ, ಸೊಪ್ಪು, ಕಾಳು, ಹಾಲುಗಳಿಂದ ಸಿಗುತ್ತದೆ. ಆದರೂ ನೀರು ಕೊಡುವ ಪಾಲನ್ನು ಪೂರ್ತಿ ಕಡೆಗಣಿಸುವಂತಿಲ್ಲ. ಲವಣ ತೆಗೆದ ನೀರನ್ನೇ ವರ್ಷಾನುಗಟ್ಟಲೆ ಕುಡಿಯುವುದು ಒಳ್ಳೆಯದಲ್ಲವೆಂಬ ಚರ್ಚೆ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೊರತಂದ ಗ್ರಂಥವೊಂದರಲ್ಲೂ ಇದೆ.

ಹಾಗಾದರೆ ಫ್ಲೋರೈಡ್ ಇರುವ ಊರುಗಳ ಗತಿಯೇನು? ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಓದುಗರಿಗೆ ಈ ಪ್ರಶ್ನೆ ಸಹಜ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಅದಕ್ಕಿಂತ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ ಮೂಡುತ್ತದೆ, ದೊಡ್ಡವರ ಬೆನ್ನು, ಮಂಡಿ ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗದು, ಬಟ್ಟಿ ಇಳಿಸಿದರೆ ಹೋಗುತ್ತದೆ.

ಆದರೆ ಖರ್ಚಿನ ಲೆಕ್ಕ ನೋಡಿ. ಒಂದು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸುಮಾರು 75 ಕಿಲೋಕ್ಯಾಲೊರಿ ಶಾಖ ಸಾಕು. ಅದನ್ನು ಪೂರ್ತಿ ಆವಿ ಮಾಡಲು ಮತ್ತೆ 540 ಬೇಕು, ಅಂದರೆ ಏಳು ಪಟ್ಟಿಗೂ ಹೆಚ್ಚು. ಗ್ಯಾಸ್ ಒಲೆಯಲ್ಲಿ ಲೀಟರಿಗೆ ಕಡಿಮೆಯೆಂದರೂ 100 ಗ್ರಾಂ ಅನಿಲ ಉರಿಯುತ್ತದೆ. ಐದು ಜನರ ಮನೆಗೆ, ಕುಡಿಯಲು ಮಾತ್ರವೇ, ದಿನಕ್ಕೆ 10 ಲೀಟರ್ ಎಂದರೆ ಒಂದು ಕಿಲೋ ಅನಿಲ. 14.2 ಕಿಲೋದ ಸಿಲಿಂಡರು ಎರಡೇ ವಾರಕ್ಕೆ ಖಾಲಿ, ಅಡುಗೆಯ ಮಾತೇ ಇಲ್ಲ! ಆದ್ದರಿಂದ ಇದು ಮನೆಮಂದಿಯ ಕುಡಿಯುವ ನೀರಿಗೆ ದಾರಿಯಲ್ಲ. ಮೊದಲು ನಿಮ್ಮ ನೀರನ್ನು ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಫ್ಲೋರೈಡ್ ಹೆಚ್ಚಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತನ್ನಿ, ಅಥವಾ ನದಿ ನೀರಿನ ನಲ್ಲಿ ಬಂದಿದ್ದರೆ ಕುಡಿಯಲು, ಅಡುಗೆಗೆ ಅದನ್ನೇ ಬಳಸಿ.

ಸೂರ್ಯ ಕಡಲು, ಕೆರೆಗಳಿಂದ ಎತ್ತಿ ಬಟ್ಟಿ ಇಳಿಸಿ ಕೊಡುವ ನೀರು ಮಳೆಯ ರೂಪದಲ್ಲಿ ಪುಕ್ಕಟೆ ಬೀಳುತ್ತದೆ. ಮೊದಲ ಮಳೆಯನ್ನು ಹರಿಯಬಿಟ್ಟು, ಶುಚಿಯಾದ ಚಾವಣಿಯಿಂದ ಸೋಸಿ ಹಿಡಿದಿಟ್ಟ ಮಳೆನೀರಿನಲ್ಲಿ ಫ್ಲೋರೈಡ್ ಅತ್ಯಲ್ಪ. ಕುದಿಸಿ ಆರಿಸಿ ಕುಡಿದರಾಯಿತು.

ಆ ಹಿರಿಯರ ಮನೆಗೆ ಮತ್ತೆ ಹೋಗಿದ್ದೆ. ಬ್ಯಾಟರಿ ಕ್ಯಾನು ಮೆಟ್ಟಿಲ ಕೆಳಗೆ, ಇನ್ವರ್ಟರಿನ ಪಕ್ಕ ಸೇರಿತ್ತು. ಕಿಟಕಿಯ ಬಳಿ ತೊಳೆದ ಬಾಟಲಿಯೊಂದು ತಲೆಕೆಳಗಾಗಿ ಒಣಗುತ್ತಿತ್ತು. ಅಡುಗೆಮನೆಯ ಕಪಾಟಿನಲ್ಲಿ 'ಮಾವನವರ ನೀರು' ಎಂದು ಬರೆದು, ದಿನಾಂಕ ಹಾಕಿದ ಗಾಜಿನ ಸೀಸೆಯಿತ್ತು. "ದಿನಾ ಒಂದು ಕೆಲಸ ಜಾಸ್ತಿ ಆಯ್ತು ಡಾಕ್ಟ್ರೇ" ಎಂದು ಸೊಸೆ ನಕ್ಕರು. ಹೌದು, ಬಾಟಲಿ ತೊಳೆಯುವುದು, ನೀರು ಕುದಿಸಿ ಆರಿಸುವುದು ದಿನದ ಕೆಲಸವೇ. ನೀರನ್ನು ಶುದ್ಧ ಮಾಡುವುದು ಒಂದು ಗಂಟೆಯ ಕೆಲಸ. ಅದನ್ನು ಶುದ್ಧವಾಗಿ ಉಳಿಸಿಕೊಳ್ಳುವುದು ದಿನದಿನದ ಕೆಲಸ. ನಿಮ್ಮ ಮನೆಯಲ್ಲೂ ಇಂಥ ಯಂತ್ರವಿದ್ದರೆ, ಈ ಪುಟವನ್ನು ಮಡಚಿಡುವ ಮುಂಚೆ ಒಮ್ಮೆ ಎದ್ದು ಹೋಗಿ ಅದರ ಬಾಟಲಿಯ ತಳವನ್ನು ನೋಡಿ ಬನ್ನಿ.